ಹಿಮದ ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರು: ಟೈರಿಗೆ ಬಟ್ಟೆ ತೊಡಿಸುವ ಕ್ರಮ

ಹಿಮದಲ್ಲಿ ಎಲೆಕ್ಟ್ರಿಕ್ ಕಾರಿಗೆ ಬಲದ ಕೊರತೆ ಎಂದೂ ಇರುವುದಿಲ್ಲ. ಕೊರತೆ ಇರುವುದು ಹಿಡಿತದ್ದು. ಪೆಟ್ರೋಲ್ ಎಂಜಿನ್ನಿನ ಬಲ ವೇಗ ಏರಿದಂತೆ ಬರುತ್ತದೆ. ಮೋಟರಿನ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, ಹಾಗಲ್ಲ; ಚಕ್ರ ನಿಂತಲ್ಲಿಂದಲೇ ಪೂರ್ತಿಯಾಗಿ ಸಿಗುತ್ತದೆ. ಒಣ ರಸ್ತೆಯಲ್ಲಿ ಖುಷಿ ಕೊಡುವ ಈ ಗುಣವೇ ಗಟ್ಟಿಯಾದ ಹಿಮದ ಮೇಲೆ ಚಕ್ರವನ್ನು ನಿಂತಲ್ಲೇ ಗಿರಗಿರ ತಿರುಗಿಸುತ್ತದೆ. ಪೆಡಲಿನಿಂದ ಕಾಲು ತೆಗೆದಾಗ ಇನ್ನೊಂದು ತೊಂದರೆ: ರೀಜೆನ್, ಅಂದರೆ ಮೋಟರೇ ಬ್ರೇಕಿನಂತೆ ಎಳೆದು ಬ್ಯಾಟರಿಗೆ ಚಾರ್ಜ್ ತುಂಬುವ ವ್ಯವಸ್ಥೆ, ಅದೇ ಚಕ್ರಗಳನ್ನು ಹಿಂದಕ್ಕೆ ಹಿಡಿಯುತ್ತದೆ. ಟೈರಿಗೆ ತೊಡಿಸುವ ಬಟ್ಟೆ, ಅಂದರೆ ಟೈರ್ ಸಾಕ್ಸ್, ಈ ಎರಡೂ ಸಂದರ್ಭಗಳಲ್ಲಿ ನೆರವಿಗೆ ಬರುತ್ತದೆ. ಆದರೆ ಅದನ್ನು ಹರಿದುಹಾಕುವುದೂ ಈ ಎರಡೇ. ಆದ್ದರಿಂದ ಈ ಬರಹದಲ್ಲಿ ತೊಡಿಸುವ ಕ್ರಮಕ್ಕೆ ಎಷ್ಟು ಜಾಗವೋ, ತೊಡಿಸಿದ ಮೇಲೆ ಪೆಡಲನ್ನು ಬಳಸುವ ಕ್ರಮಕ್ಕೂ ಅಷ್ಟೇ ಜಾಗ.

ಬಟ್ಟೆ ಮಾಡುವುದೇನು

ಗಟ್ಟಿಯಾದ ಹಿಮ ಅಥವಾ ಮಂಜುಗಡ್ಡೆಯ ಮೇಲೆ ಟೈರ್ ಜಾರುವುದಕ್ಕೆ ಮುಖ್ಯ ಕಾರಣ ಮೇಲ್ಪದರದಲ್ಲಿರುವ ತೆಳುವಾದ ನೀರಿನ ಪೊರೆ. ರಬ್ಬರು ಆ ಪೊರೆಯ ಮೇಲೆ ತೇಲುತ್ತದೆ. ಒರಟು ನೇಯ್ಗೆಯ ಕೃತಕ ನೂಲಿನ ಬಟ್ಟೆ ಆ ನೀರನ್ನು ನೂಲುಗಳ ನಡುವೆ ಹೀರಿಕೊಂಡು ನೆಲವನ್ನು ನೇರವಾಗಿ ಹಿಡಿಯುತ್ತದೆ. ಹಿಮದ ಕಣಗಳು ನೇಯ್ಗೆಗೆ ಅಂಟಿಕೊಳ್ಳುವುದರಿಂದಲೂ ಹಿಡಿತ ಹೆಚ್ಚುತ್ತದೆ. ನಾರ್ವೆಯ ಆಟೋಸಾಕ್ ಈ ಬಗೆಯ ಹೊದಿಕೆಗಳಲ್ಲಿ ಹೆಚ್ಚು ಪರಿಚಿತವಾದ ಹೆಸರು; ಈಗ ಬೇರೆ ಕಂಪನಿಗಳೂ ತಯಾರಿಸುತ್ತವೆ.

ಎಲೆಕ್ಟ್ರಿಕ್ ಕಾರುಗಳಿಗೆ ಇದು ವಿಶೇಷವಾಗಿ ಒಗ್ಗುವುದಕ್ಕೆ ಕಾರಣವಿದೆ. ಇವುಗಳಲ್ಲಿ ಅನೇಕಕ್ಕೆ 19, 20, 21 ಇಂಚಿನ ದೊಡ್ಡ ರಿಮ್ಮು, ಅಗಲವಾದ ಟೈರು, ಟೈರಿಗೂ ಒಳಗಿನ ಸಸ್ಪೆನ್ಷನ್ ಭಾಗಗಳಿಗೂ ನಡುವೆ ಕಿರಿದಾದ ಸಂದಿ. ದಪ್ಪ ಕಬ್ಬಿಣದ ಚೈನು ಆ ಸಂದಿಯಲ್ಲಿ ಹಿಡಿಸುವುದಿಲ್ಲ. ಬಲವಂತವಾಗಿ ಹಾಕಿದರೆ ಬ್ರೇಕಿನ ಪೈಪು, ಸೆನ್ಸರಿನ ವೈರು ಕತ್ತರಿಸಬಹುದು. ಬಟ್ಟೆಯ ದಪ್ಪ ಕೆಲವೇ ಮಿಲಿಮೀಟರ್. ಅಲಾಯ್ ರಿಮ್ಮಿಗೆ ಗೀರು ಬೀಳುವುದಿಲ್ಲ, ಕಾರು ನಡುಗುವುದಿಲ್ಲ.

ಆದರೆ ಬಟ್ಟೆಯ ಮಿತಿಯನ್ನೂ ತಿಳಿದಿರಬೇಕು. ಇದು ಚಳಿಗಾಲದ ಟೈರಿಗೆ ಬದಲಿಯಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಟೈರುಗಳೇ ನಾಲ್ಕೂ ಚಕ್ರಗಳಲ್ಲಿದ್ದು, ಅವೂ ಸಾಲದೆ ಬಂದ ಕಡಿದಾದ ಏರಿಗೆ, ಗುಡಿಸದ ಒಳರಸ್ತೆಗೆ ಈ ಬಟ್ಟೆ. ಕರಗಿ ರಾಡಿಯಾದ ಹಿಮದಲ್ಲಿ ನೂಲು ಪೂರ್ತಿ ನೆನೆದು, ಹೀರಿಕೊಳ್ಳಲು ಜಾಗವಿಲ್ಲದೆ ಹಿಡಿತ ತಗ್ಗುತ್ತದೆ. ಕಾರಿನ ತಳ ತಾಗುವಷ್ಟು ಆಳದ ಹಿಮದಲ್ಲಂತೂ ಬಟ್ಟೆ, ಚೈನು ಎರಡೂ ನಿರುಪಯೋಗಿ. ಬ್ಯಾಟರಿಯ ಚಪ್ಪಟೆ ತಳವೇ ಹಿಮದ ಮೇಲೆ ಕುಳಿತು ಚಕ್ರಗಳ ಮೇಲಿನ ಭಾರ ಹೋಗಿಬಿಡುತ್ತದೆ.

ಯಾವ ಚಕ್ರಗಳಿಗೆ

ಮೋಟರ್ ಯಾವ ಚಕ್ರಗಳನ್ನು ತಿರುಗಿಸುತ್ತದೋ ಅವಕ್ಕೆ. ಹೇಳಲು ಸುಲಭ, ಆದರೆ ತಪ್ಪಾಗುವುದು ಇಲ್ಲೇ. ಪೆಟ್ರೋಲ್ ಕಾರಿನ ರೂಢಿಯಿಂದ ಮುಂದಿನ ಚಕ್ರಗಳಿಗೆ ತೊಡಿಸುತ್ತಾರೆ, ಕಾರು ಅಲ್ಲಾಡುವುದಿಲ್ಲ. ನಿಸ್ಸಾನ್ ಲೀಫ್, ರೆನೋ ಜೋಯಿ, ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಮುಂದಿನ ಚಕ್ರದ ಕಾರುಗಳು. ಒಂದೇ ಮೋಟರಿನ ಫೋಕ್ಸ್‌ವ್ಯಾಗನ್ ಐಡಿ.3, ಐಡಿ.4, ಟೆಸ್ಲಾ ಮಾಡೆಲ್ 3 ಇವು ಹಿಂದಿನ ಚಕ್ರದವು. ಎರಡು ಮೋಟರ್ ಇದ್ದರೆ ಕೈಪಿಡಿ ನೋಡಲೇಬೇಕು. ಟೆಸ್ಲಾ ಮಾಡೆಲ್ 3 ಮತ್ತು ಮಾಡೆಲ್ ವೈ ಕೈಪಿಡಿಗಳು ಎರಡು ಮೋಟರಿನ ಕಾರಿಗೂ ಚೈನನ್ನು ಹಿಂದಿನ ಚಕ್ರಗಳಿಗೆ ಮಾತ್ರ ಹಾಕಲು ಹೇಳುತ್ತವೆ. ಮುಂದಿನ ಚಕ್ರಗಳ ಸಂದಿಗೆ ಹೊದಿಕೆ ಬೇಡ ಎಂದು ಕೈಪಿಡಿ ಹೇಳಿದ್ದರೆ ಅದನ್ನು ಮೀರಬಾರದು. ಅಂಥ ನಿಷೇಧ ಇಲ್ಲದಿದ್ದರೆ, ಕಡಿದಾದ ಇಳಿಜಾರು ಎದುರಿರುವಾಗ ಎರಡು ಜೋಡಿ ತಂದು ನಾಲ್ಕಕ್ಕೂ ತೊಡಿಸುವುದೇ ಒಳ್ಳೆಯದು.

ಎರಡೇ ಚಕ್ರಗಳಿಗೆ ತೊಡಿಸಿದಾಗ ಉಳಿದ ಎರಡು ಬರಿಗಾಲಲ್ಲಿರುತ್ತವೆ ಎಂಬುದನ್ನು ಮರೆಯಬಾರದು. ಹಿಂದೆ ಮಾತ್ರ ಬಟ್ಟೆ ಇದ್ದರೆ ಏರು ಸರಾಗ, ಆದರೆ ತಿರುವಿನಲ್ಲಿ ಮುಂದಿನ ಚಕ್ರ ನೇರಕ್ಕೇ ಜಾರುತ್ತದೆ. ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ ಆದ್ದರಿಂದ ನಿಲ್ಲುವ ದೂರವೂ ಅಷ್ಟೇನೂ ಕಡಿಮೆಯಾಗುವುದಿಲ್ಲ. ಮುಂದೆ ಮಾತ್ರ ಇದ್ದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ಪಕ್ಕಕ್ಕೆ ತಿರುಗಬಹುದು.

ಅಳತೆ

ಟೈರಿನ ಪಕ್ಕದಲ್ಲಿ ಬರೆದಿರುವ ಪೂರ್ತಿ ಸಂಖ್ಯೆ ಬೇಕು, ರಿಮ್ಮಿನ ಇಂಚು ಒಂದೇ ಸಾಲದು. ಉದಾಹರಣೆಗೆ 235/45 ಆರ್ 18: ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 45, ರಿಮ್ಮು 18 ಇಂಚು. ಹೊರವ್ಯಾಸ ಸುಮಾರು 669 ಮಿಲಿಮೀಟರ್. 235/40 ಆರ್ 19 ಟೈರಿನ ವ್ಯಾಸವೂ ಹತ್ತಿರ ಹತ್ತಿರ ಅಷ್ಟೇ, 671. ಆದ್ದರಿಂದ ರಿಮ್ಮು ಬೇರೆಯಾದರೂ ಒಂದೇ ಅಳತೆಯ ಬಟ್ಟೆ ಎರಡಕ್ಕೂ ಹೊಂದಬಹುದು. ಆದರೆ ಊಹೆ ಬೇಡ, ತಯಾರಕರ ಪಟ್ಟಿಯಲ್ಲಿ ನಿಮ್ಮ ಟೈರಿನ ಸಂಖ್ಯೆಯೇ ಇರಬೇಕು. ಕೆಲವು ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಹಾಗಿದ್ದರೆ ತೊಡಿಸುವ ಚಕ್ರದ ಸಂಖ್ಯೆಯನ್ನೇ ನೋಡಿ ಕೊಳ್ಳಬೇಕು. ದೊಡ್ಡದಾದ ಬಟ್ಟೆ ಸಡಿಲವಾಗಿ ಒಳಬದಿಯ ಭಾಗಗಳಿಗೆ ಉಜ್ಜಿಕೊಂಡು ಹರಿಯುತ್ತದೆ. ಚಿಕ್ಕದು ಒಳಬದಿಗೆ ಸಾಕಷ್ಟು ಸರಿಯದೆ, ಮೊದಲ ತಿರುವಿನಲ್ಲೇ ಕಳಚಿಕೊಳ್ಳುತ್ತದೆ.

ಯುರೋಪಿನಲ್ಲಿ ಕೊಳ್ಳುವವರು ಪೊಟ್ಟಣದ ಮೇಲೆ ಇಎನ್ 16662-1 ಎಂಬ ಗುರುತಿದೆಯೇ ನೋಡಬೇಕು. ಕಾರಿನ ಟೈರಿಗೆ ಹಾಕುವ ಹಿಡಿತ ಸಾಧನಗಳಿಗೆ 2020ರಲ್ಲಿ ಬಂದ ಮಾನದಂಡ ಅದು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಫ್ರಾನ್ಸಿನ ಗುರುತಿಸಿದ ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರಾದರೂ ಇರಬೇಕು, ಇಲ್ಲವೇ ಕಾರನ್ನು ನಡೆಸುವ ಕನಿಷ್ಠ ಎರಡು ಚಕ್ರಗಳಿಗಾಗುವ ಚೈನು ಅಥವಾ ಬಟ್ಟೆ ಕಾರಿನಲ್ಲಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಚೈನು ಕಡ್ಡಾಯ ಮಾಡುವ ನಿಯಮಕ್ಕೆ ಆರ್-1, ಆರ್-2, ಆರ್-3 ಎಂಬ ಮೂರು ಹಂತಗಳಿವೆ. ಎರಡನೆಯದರಲ್ಲಿ ನಾಲ್ಕೂ ಚಕ್ರಗಳಿಗೆ ಬಲವಿದ್ದು ಹಿಮದ ಟೈರುಗಳೂ ಇರುವ ಕಾರಿಗೆ ವಿನಾಯಿತಿ ಉಂಟು. ಮೂರನೆಯದರಲ್ಲಿ ಯಾರಿಗೂ ಇಲ್ಲ. ಹೊರಡುವ ಮುನ್ನ ಹೋಗುವ ದಾರಿಯ ನಿಯಮದಲ್ಲಿ ಬಟ್ಟೆ ಎಂಬ ಮಾತು ಇದೆಯೋ ಅಥವಾ ಚೈನು ಎಂದಷ್ಟೇ ಇದೆಯೋ ಓದಿಕೊಳ್ಳಿ.

ಮೊದಲೇ ಮಾಡಿಕೊಳ್ಳುವುದು

ಹಿಮ ಬೀಳುವ ಮೊದಲು, ಮನೆಯ ಮುಂದೆ ಒಣ ನೆಲದ ಮೇಲೆ ಒಮ್ಮೆ ತೊಡಿಸಿ ತೆಗೆಯಬೇಕು. ಅಳತೆ ಸರಿಯಿದೆಯೇ ಎಂದು ತಿಳಿಯುವುದು ಆಗಲೇ. ಕತ್ತಲಲ್ಲಿ, ಬೆರಳು ಮರಗಟ್ಟಿರುವಾಗ ಅದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಜೊತೆಗೆ ಇರಬೇಕಾದವು: ಒಳಗೆ ನೀರು ಇಳಿಯದ ಕೈಗವಸು, ಹಣೆಗೆ ಕಟ್ಟುವ ದೀಪ, ಹೊಳೆಯುವ ಪಟ್ಟಿಯ ಜಾಕೆಟ್ಟು, ಮಂಡಿಯೂರಲು ರಬ್ಬರಿನ ಹಾಸು, ಹಿಮ ಕೆದಕಲು ಚಿಕ್ಕ ಸಲಿಕೆ, ಒದ್ದೆ ಬಟ್ಟೆ ತುಂಬಲು ದಪ್ಪ ಪ್ಲಾಸ್ಟಿಕ್ ಚೀಲ. ಇವೆಲ್ಲ ಡಿಕ್ಕಿಯಲ್ಲಿ ಸಾಮಾನಿನ ಮೇಲಿರಲಿ, ಕೆಳಗಲ್ಲ.

ಗಾಳಿಯ ಒತ್ತಡವನ್ನೂ ನೋಡಿ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಬ್ಯಾಟರಿಯಿಂದಾಗಿ ಈ ಕಾರುಗಳ ಭಾರ ಹೆಚ್ಚು. ಗಾಳಿ ಕಡಿಮೆಯಾದ ಟೈರು ಪಕ್ಕಕ್ಕೆ ಉಬ್ಬಿ ಬಟ್ಟೆಯನ್ನು ಹಿಂಜುತ್ತದೆ. ರಿಮ್ಮಿನ ಮೇಲೆ ಗಾಳಿ ಸೀಳುವ ಪ್ಲಾಸ್ಟಿಕ್ ಮುಚ್ಚಳವಿದ್ದು ಅದರ ಅಂಚು ಒಡೆದಿದ್ದರೆ ಕಳಚಿಡಿ, ನೂಲು ಅಲ್ಲೇ ಸಿಕ್ಕಿಕೊಳ್ಳುವುದು.

ತೊಡಿಸುವುದು

ರಸ್ತೆ ಜಾರಲು ತೊಡಗುವ ಮುನ್ನವೇ, ಸಮತಟ್ಟಾದ, ಬೇರೆ ವಾಹನಗಳ ದಾರಿಗೆ ಅಡ್ಡವಾಗದ ಜಾಗದಲ್ಲಿ ನಿಲ್ಲಿಸಿ. ಏರಿನ ನಡುವೆ ಸಿಕ್ಕಿಕೊಂಡ ಮೇಲೆ ತೊಡಿಸುವುದು ಕಷ್ಟವೂ ಹೌದು, ಅಪಾಯವೂ ಹೌದು.

1. ಗೇರು ಪಿ (ಪಾರ್ಕ್) ಸ್ಥಾನಕ್ಕೆ ಹಾಕಿ, ಪಾರ್ಕಿಂಗ್ ಬ್ರೇಕ್ ಹಾಕಿ, ನಾಲ್ಕೂ ಇಂಡಿಕೇಟರ್ ಮಿನುಗಲಿ. ನಿಂತ ಕಾರನ್ನು ತಾನಾಗಿ ಬ್ರೇಕಿನಲ್ಲಿ ಹಿಡಿದಿಡುವ ಆಟೋ ಹೋಲ್ಡ್ ಇದೆ ಎಂದು ನಂಬಿ ಡಿ (ಡ್ರೈವ್) ಸ್ಥಾನದಲ್ಲೇ ಬಿಟ್ಟು ಇಳಿಯಬಾರದು. ಎಂಜಿನ್ನಿನ ಸದ್ದಿಲ್ಲದ ಕಾರು ಚಲಿಸಲು ಸಿದ್ಧವಾಗಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಕಾರಿನ ಕೀಲಿಯಾಗಿ ಬಳಸುವ ಫೋನು ಅಥವಾ ಕೀ ಕಾರ್ಡು ಜೇಬಿನಲ್ಲೇ ಇರಲಿ. ಗಾಳಿ ಸಸ್ಪೆನ್ಷನ್ ಇರುವ ಕಾರಾದರೆ ಎತ್ತರದ ಮಟ್ಟಕ್ಕೆ ಏರಿಸಿ, ಕೈ ಹೋಗಲು ಜಾಗ ಸಿಗುತ್ತದೆ. ಜ್ಯಾಕ್ ಬೇಕಾಗಿಲ್ಲ.

2. ಟೈರಿನ ನೆಲಕ್ಕೆ ತಾಗುವ ಪಟ್ಟಿಗೂ ಮಡ್‌ಗಾರ್ಡಿನ ಒಳಗೂ ಅಂಟಿದ ಹಿಮದ ಹೆಂಟೆಗಳನ್ನು ಕೆದಕಿ ತೆಗೆಯಿರಿ. ಅವು ಉಳಿದರೆ ಬಟ್ಟೆ ಉಬ್ಬಿ ಅಲ್ಲೇ ಸವೆಯುತ್ತದೆ.

3. ಬಟ್ಟೆಯ ಹೊರಮೈ ಯಾವುದೆಂದು ನೋಡಿಕೊಂಡು, ಎರಡೂ ಕೈಗಳಿಂದ ಟೈರಿನ ನೆತ್ತಿಯ ಮೇಲೆ ಹಾಕಿ. ಒಳಬದಿಯ ಎಲಾಸ್ಟಿಕ್ ಅಂಚು ಟೈರಿನ ಬೆನ್ನಿಗೆ ಚೆನ್ನಾಗಿ ಸರಿಯುವವರೆಗೆ ತಳ್ಳಿ. ಈ ಹೆಜ್ಜೆಯಲ್ಲಿ ಆತುರಪಟ್ಟರೆ ಮುಂದಿನದೆಲ್ಲ ವ್ಯರ್ಥ. ಮುಂದಿನ ಚಕ್ರವಾದರೆ ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಿಟ್ಟುಕೊಂಡರೆ ಕೈ ಆಡುತ್ತದೆ.

4. ಎಡ, ಬಲ ಎರಡೂ ಬದಿಗಳಲ್ಲಿ ನೆಲದವರೆಗೆ ಎಳೆದು ತನ್ನಿ. ಟೈರು ನೆಲಕ್ಕೆ ತಾಗುವ ಭಾಗ ಮಾತ್ರ ಬಯಲಾಗಿರುತ್ತದೆ. ಇನ್ನೊಂದು ಚಕ್ರಕ್ಕೂ ಹೀಗೆಯೇ.

5. ಕಾರನ್ನು ಅರ್ಧ ಸುತ್ತು ಸರಿಸಿ. ಮೇಲೆ ಹೇಳಿದ 669 ಮಿಲಿಮೀಟರ್ ಟೈರಿಗೆ ಅರ್ಧ ಸುತ್ತು ಎಂದರೆ 105 ಸೆಂಟಿಮೀಟರ್. ಬ್ರೇಕ್ ಸಡಿಲಿಸಿದರೆ ತಾನಾಗಿ ತೆವಳುವ ಕ್ರೀಪ್ ವ್ಯವಸ್ಥೆ ಕಾರಿನಲ್ಲಿದ್ದರೆ ಇದಕ್ಕಾಗಿ ಅದನ್ನು ಆನ್ ಮಾಡಿಕೊಳ್ಳಿ; ಆಕ್ಸಲರೇಟರ್ ಒತ್ತಿ ಸರಿಸುವುದಕ್ಕಿಂತ ಅದು ಎಷ್ಟೋ ನಯ. ಹೊರಗೆ ಯಾರಾದರೂ ಇದ್ದರೆ ಪಕ್ಕಕ್ಕೆ ನಿಲ್ಲಲಿ, ಮುಂದೆಯೋ ಹಿಂದೆಯೋ ಅಲ್ಲ.

6. ಮತ್ತೆ ಪಿ, ಮತ್ತೆ ಪಾರ್ಕಿಂಗ್ ಬ್ರೇಕ್. ಈಗ ಮೇಲೆ ಬಂದಿರುವ ಬಯಲು ಭಾಗವನ್ನು ಎಳೆದು ಮುಚ್ಚಿ.

ಬಟ್ಟೆ ಸ್ವಲ್ಪ ಓರೆಯಾಗಿ ಕಂಡರೆ ಚಿಂತೆ ಬೇಡ, ಚಕ್ರ ತಿರುಗಿದಂತೆ ತಾನೇ ನಡುವಿಗೆ ಬರುತ್ತದೆ. ಸುಮಾರು 100 ಮೀಟರ್ ನಿಧಾನವಾಗಿ ಹೋಗಿ, ಇಳಿದು ನೋಡಿ. ಆಗಲೂ ಒಂದು ಕಡೆ ಪಟ್ಟಿ ಬಯಲಾಗಿದ್ದರೆ ಒಳಗಿನ ಎಲಾಸ್ಟಿಕ್ ಪೂರ್ತಿ ಹಿಂದಕ್ಕೆ ಸರಿದಿಲ್ಲ ಎಂದರ್ಥ. ತೆಗೆದು ಮತ್ತೆ ಮೊದಲಿನಿಂದ ತೊಡಿಸಬೇಕು.

ಓಡಿಸುವುದು

ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರ್. ಅದು ಮೀರಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ. ತಿರುವುಗಳ ದಾರಿಯಲ್ಲಿ 30 ಸಾಕು.

ಕಾರಿನಲ್ಲಿ ಸ್ನೋ ಮೋಡ್ ಇದ್ದರೆ ಅದು, ಇಲ್ಲದಿದ್ದರೆ ಇಕೋ ಅಥವಾ ಚಿಲ್ ಎಂಬಂಥ ಮೃದು ಮೋಡ್ ಆರಿಸಿ. ಪೆಡಲಿನ ಅದೇ ಒತ್ತಿಗೆ ಕಡಿಮೆ ಟಾರ್ಕ್ ಬರುವುದೇ ಇಲ್ಲಿಯ ಲಾಭ. ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಅನ್ನು ಆಫ್ ಮಾಡಬೇಡಿ. ಎಂಜಿನ್ ಕಾರಿಗಿಂತ ಮೋಟರಿನ ಕಾರಿನಲ್ಲಿ ಅದು ಬಹಳ ಬೇಗ ಎಚ್ಚೆತ್ತು ಟಾರ್ಕ್ ಕಡಿತ ಮಾಡುತ್ತದೆ, ಬಟ್ಟೆ ಉಳಿಯುವುದು ಅದರಿಂದಲೇ. ಚಕ್ರಕ್ಕೆ ಬೇಕೆಂದೇ ಜಾರಲು ಬಿಡುವ ಸ್ಲಿಪ್ ಸ್ಟಾರ್ಟ್‌ನಂಥ ಆಯ್ಕೆಯನ್ನು ಬಟ್ಟೆ ತೊಡಿಸಿರುವಾಗ ಮುಟ್ಟಬಾರದು. ಪಾಲಿಯೆಸ್ಟರ್ ನೂಲು ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಂದೇ ಕಡೆ ಗಿರಕಿ ಹೊಡೆಯುವ ಚಕ್ರ ಹಿಮವನ್ನು ಕೆತ್ತಿ ಕೆಳಗಿನ ಡಾಂಬರು ಮುಟ್ಟಿತೆಂದರೆ, ಉಜ್ಜಾಟದ ಬಿಸಿಗೆ ನೂಲು ಮೆತ್ತಗಾಗಿ, ಜಲ್ಲಿಯ ಮೊನೆಗೆ ಸಿಕ್ಕಿ, ಕೆಲವೇ ಕ್ಷಣಗಳಲ್ಲಿ ತೂತು ಬೀಳುತ್ತದೆ. ಹೊಸ ಜೋಡಿಯೊಂದು ಮೊದಲ ದಿನವೇ ಹಾಳಾಯಿತು ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇದೇ ಕಥೆ ಇರುತ್ತದೆ.

ಏರಿನಲ್ಲಿ ಹೊರಡುವಾಗ ಸ್ಟಿಯರಿಂಗ್ ನೇರವಿರಲಿ, ಪೆಡಲನ್ನು ಹತ್ತಿಯ ಮೇಲೆ ಕಾಲಿಟ್ಟಂತೆ ಒತ್ತಿ. ಟ್ರಾಕ್ಷನ್ ಕಂಟ್ರೋಲಿನ ದೀಪ ಎಡೆಬಿಡದೆ ಮಿನುಗಿಯೂ ಕಾರು ಮುಂದೆ ಸಾಗದಿದ್ದರೆ ಇನ್ನಷ್ಟು ಒತ್ತುವುದರಿಂದ ಏನೂ ಸಿಗದು. ನಿಲ್ಲಿಸಿ, ಚಕ್ರದ ಮುಂದಿನ ಹಿಮ ಸಲಿಕೆಯಿಂದ ತೆಗೆದು, ಬಂದ ಜಾಡಿನಲ್ಲೇ ಒಂದೆರಡು ಮೀಟರ್ ಹಿಂದೆ ಸರಿದು ಮತ್ತೆ ಪ್ರಯತ್ನಿಸಿ. ಬಟ್ಟೆ ತೊಡಿಸಿದ ಮೇಲೆ ಕಾರು ನಿಂತಿರುವಾಗ ಸ್ಟಿಯರಿಂಗ್ ತಿರುಗಿಸಬಾರದು. ಎರಡು ಟನ್ನಿನ ಕಾರಿನ ಭಾರದಡಿ ಬಟ್ಟೆ ನೆಲಕ್ಕೂ ರಬ್ಬರಿಗೂ ನಡುವೆ ತಿರುಚಿ ಹರಿಯುತ್ತದೆ.

ಕ್ರೂಸ್ ಕಂಟ್ರೋಲ್, ತಾನಾಗಿ ಸ್ಟಿಯರಿಂಗ್ ಹಿಡಿಯುವ ವ್ಯವಸ್ಥೆ ಎರಡೂ ಬೇಡ. ಮುಂದಿನ ವಾಹನ ನಿಂತಾಗ ಅವು ಒಣ ರಸ್ತೆಯ ಲೆಕ್ಕದಲ್ಲಿ ಬ್ರೇಕ್ ಹಾಕುತ್ತವೆ. ಕ್ಯಾಮರಾ, ರಾಡಾರ್‌ಗಳ ಮೇಲೆ ಹಿಮ ಮೆತ್ತಿದ್ದರೆ ಆ ಲೆಕ್ಕವೂ ಕೆಟ್ಟಿರುತ್ತದೆ.

ಇಳಿಜಾರು ಮತ್ತು ರೀಜೆನ್

ಎಚ್ಚರ ಹೆಚ್ಚು ಬೇಕಾಗುವುದು ಇಲ್ಲಿ. ರೀಜೆನ್ ಮೋಟರಿರುವ ಚಕ್ರಗಳನ್ನು ಮಾತ್ರ ತಡೆಯುತ್ತದೆ. ಇಳಿಯುವಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದೆ ಮೋಟರಿರುವ ಕಾರಿನಲ್ಲಿ ಪೆಡಲಿನಿಂದ ಕಾಲನ್ನು ತಟ್ಟನೆ ಎತ್ತಿದರೆ ಆ ಹಗುರ ಚಕ್ರಗಳ ಮೇಲೇ ಎಲ್ಲ ತಡೆಯೂ ಬಿದ್ದು ಹಿಂಭಾಗ ಅಡ್ಡ ತಿರುಗುತ್ತದೆ. ಮುಂದೆ ಮೋಟರಿದ್ದರೆ ಅದೇ ಚಕ್ರ ತಡೆಯಲೂ ಬೇಕು, ತಿರುಗಲೂ ಬೇಕು. ಹಿಡಿತ ಎರಡಕ್ಕೂ ಸಾಲದೆ ಕಾರು ತಿರುವನ್ನು ಬಿಟ್ಟು ನೇರ ಹೋಗುತ್ತದೆ.

ಚಕ್ರ ಜಾರಿದ್ದನ್ನು ಗುರುತಿಸಿದ ಕೂಡಲೇ ಕಾರು ರೀಜೆನ್ ಅನ್ನು ತಾನೇ ಕಡಿಮೆ ಮಾಡುತ್ತದೆ. ಜಾರುವುದು ನಿಲ್ಲುತ್ತದೆ, ಆದರೆ ಆ ಕ್ಷಣದಲ್ಲಿ ತಡೆ ಕೈಬಿಟ್ಟು ಕಾರು ಮುಂದಕ್ಕೆ ನುಗ್ಗಿದ ಹಾಗೆ ಅನ್ನಿಸುತ್ತದೆ. ಒಂದೇ ಪೆಡಲಿನಲ್ಲಿ ಓಡಿಸಿ ರೂಢಿಯಾದವರ ಕಾಲು ಆಗ ಬ್ರೇಕಿನ ಹತ್ತಿರವೂ ಇರುವುದಿಲ್ಲ. ಇನ್ನೂ ಒಂದು ತೊಡಕು: ಬ್ಯಾಟರಿ ತಣ್ಣಗಿದ್ದರೆ ಅಥವಾ ಪೂರ್ತಿ ತುಂಬಿದ್ದರೆ ರೀಜೆನ್ ಸಿಗುವುದು ಅಲ್ಪ. ಬೆಟ್ಟದ ಮೇಲೆ ರಾತ್ರಿಯಿಡೀ ಚಳಿಯಲ್ಲಿ ನಿಂತು ಚಾರ್ಜ್ ಆದ ಕಾರು ಬೆಳಿಗ್ಗೆ ಇಳಿಯತೊಡಗಿದಾಗ ಎರಡೂ ಒಟ್ಟಿಗೆ ಬರುತ್ತವೆ. ಸ್ವಲ್ಪ ದೂರ ಹೋದ ಮೇಲೆ ಬ್ಯಾಟರಿ ಬೆಚ್ಚಗಾಗಿ ತಡೆ ಏರುತ್ತದೆ. ಒಂದೇ ಇಳಿಜಾರಿನಲ್ಲಿ ಪೆಡಲಿನ ವರ್ತನೆ ಎರಡು ಬಗೆಯಾದರೆ ಲೆಕ್ಕ ತಪ್ಪುವುದು ಸಹಜ.

ಪರಿಹಾರ ಸರಳ. ಇಳಿಯುವ ಮೊದಲೇ ರೀಜೆನ್ ಅನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ, ಒಂದೇ ಪೆಡಲಿನ ಮೋಡ್ ಆಫ್ ಮಾಡಿ, ವೇಗವನ್ನು ಬ್ರೇಕ್ ಪೆಡಲಿನಿಂದಲೇ ನಿಯಂತ್ರಿಸಿ. ಬ್ರೇಕ್ ಪೆಡಲ್ ಒತ್ತಿದಾಗ ತಡೆ ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಹಂಚಿಕೆಯಾಗುತ್ತದೆ, ಬ್ರೇಕಿನಿಂದ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ನೆರವೂ ಇರುತ್ತದೆ. ಮಟ್ಟವನ್ನು ಬದಲಿಸಲು ಬಾರದ ಕಾರಾದರೆ ಆಕ್ಸಲರೇಟರಿನಿಂದ ಕಾಲನ್ನು ಪೂರ್ತಿ ಎತ್ತದೆ ನಿಧಾನವಾಗಿ ಸಡಿಲಿಸುತ್ತ ಬನ್ನಿ. ಸಣ್ಣ ಇಳಿಜಾರಿನಲ್ಲಿ, ಮೋಟರಿನ ಚಕ್ರಗಳಿಗೇ ಬಟ್ಟೆ ಇರುವಾಗ, ಹಗುರವಾದ ರೀಜೆನ್ ಕೇಡು ಮಾಡದು. ಜೋರು ರೀಜೆನ್ ಮಾತ್ರ ಜಾರಿಸುವುದರ ಜೊತೆಗೆ ಬಟ್ಟೆಯನ್ನೂ ಸವೆಸುತ್ತದೆ.

ರೀಜೆನ್ ಇಳಿಸಿದ್ದರಿಂದ ವಾಪಸು ಬರುವ ಚಾರ್ಜ್ ಸ್ವಲ್ಪ ಕಡಿಮೆಯಾಗುತ್ತದೆ. ಚಳಿಯಲ್ಲಿ ಕ್ಯಾಬಿನ್ ಹೀಟರ್ ತಿನ್ನುವುದೂ ಇದೆ. ಮುಚ್ಚಿದ ರಸ್ತೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದರೂ ತಕ್ಷಣ ಭಯಪಡಬೇಕಿಲ್ಲ: ಹೀಟರಿಗೆ ಸರಾಸರಿ 2 ಕಿಲೋವ್ಯಾಟ್ ಹಿಡಿದರೂ 30 ಯೂನಿಟ್ ಉಳಿದಿರುವ ಬ್ಯಾಟರಿ 15 ಗಂಟೆ ಬರುತ್ತದೆ. ಹೊರಡುವ ಮುನ್ನ ಚಾರ್ಜರಿಗೆ ಸಿಕ್ಕಿಸಿಯೇ ಬ್ಯಾಟರಿ, ಕ್ಯಾಬಿನ್ ಎರಡನ್ನೂ ಬೆಚ್ಚಗೆ ಮಾಡಿಕೊಂಡರೆ ದಾರಿಯಲ್ಲಿ ಅಷ್ಟು ಉಳಿತಾಯ, ರೀಜೆನ್ ಕೂಡ ಮೊದಲಿನಿಂದಲೇ ಒಂದೇ ಸಮ.

ತೆಗೆಯುವುದು, ಇಡುವುದು

ಬರಿಯ ಡಾಂಬರು ಕಂಡಿತೆಂದರೆ ಬಟ್ಟೆಯ ಆಯುಷ್ಯ ಕರಗತೊಡಗಿತು ಎಂದೇ ತಿಳಿಯಬೇಕು. ನಡುನಡುವೆ ಹಿಮವಿಲ್ಲದ ಸಣ್ಣ ತುಣುಕುಗಳು ಬಂದರೆ ವೇಗ ತಗ್ಗಿಸಿ ದಾಟಬಹುದು. ರಸ್ತೆ ಪೂರ್ತಿ ಬಯಲಾದರೆ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತೆಗೆಯಿರಿ. ಪಿ ಮತ್ತು ಪಾರ್ಕಿಂಗ್ ಬ್ರೇಕ್ ಹಾಕಿ, ನೆತ್ತಿಯಿಂದ ಹೊರಕ್ಕೆ ಎಳೆದು ಎರಡೂ ಬದಿ ನೆಲದವರೆಗೆ ಕಳಚಿ. ಅರ್ಧ ಸುತ್ತು ಸರಿಸಿದರೆ ಉಳಿದದ್ದು ಟೈರಿನಡಿಯಿಂದ ಬಿಡುಗಡೆಯಾಗುತ್ತದೆ. ಟೈರಿನಡಿ ಸಿಕ್ಕಿರುವಾಗಲೇ ಜಗ್ಗಬೇಡಿ.

ರಾತ್ರಿ ನಿಲ್ಲಿಸುವಾಗ ಬಟ್ಟೆ ತೊಡಿಸಿಯೇ ಬಿಡುವುದು ತಪ್ಪು. ನೆನೆದ ನೂಲು ಹೆಪ್ಪುಗಟ್ಟಿ ನೆಲಕ್ಕೆ ಅಂಟಿಕೊಳ್ಳುತ್ತದೆ, ಬೆಳಿಗ್ಗೆ ಕಾರು ಹೊರಟಾಗ ಅರ್ಧ ಬಟ್ಟೆ ಅಲ್ಲೇ ಉಳಿಯುತ್ತದೆ. ಹಾಗೇನಾದರೂ ಆಗಿದ್ದರೆ ಉಗುರುಬೆಚ್ಚಗಿನ ನೀರು ಸುರಿದು ಬಿಡಿಸಿ, ಆ ನೀರು ಮತ್ತೆ ಹೆಪ್ಪುಗಟ್ಟುವ ಮೊದಲೇ ಕಾರು ಸರಿಸಬೇಕು.

ಮನೆಗೆ ಬಂದ ಮೇಲೆ ಸಾದಾ ನೀರಿನಲ್ಲಿ ತೊಳೆದು ರಸ್ತೆಯ ಉಪ್ಪು, ಮರಳು ಹೋಗಲಾಡಿಸಿ. ನೇಯ್ಗೆಯೊಳಗೆ ಉಳಿದ ಮರಳು ಮುಂದಿನ ಸಲ ಒಳಗಿನಿಂದಲೇ ನೂಲು ಕತ್ತರಿಸುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಮಡಿಸಿಡಿ. ಬಟ್ಟೆ ಕಪ್ಪಾಗುವುದು, ನೂಲು ಜುಂಗುಜುಂಗಾಗಿ ಏಳುವುದು ಸಹಜ, ಅದರಿಂದ ಹಿಡಿತಕ್ಕೆ ಕುಂದಿಲ್ಲ. ನೆಲಕ್ಕೆ ತಾಗುವ ಪಟ್ಟಿಯಲ್ಲಿ ರಬ್ಬರು ಕಾಣುವ ತೂತು ಬಿದ್ದಿದ್ದರೆ, ಎಲಾಸ್ಟಿಕ್ ಸಡಿಲಾಗಿದ್ದರೆ ಅಥವಾ ಉದ್ದನೆಯ ಎಳೆ ಜೋತಾಡುತ್ತಿದ್ದರೆ ಆ ಜೋಡಿ ಬೇಡ. ಜೋತಾಡುವ ಎಳೆ ಚಕ್ರದ ಒಳಬದಿಯ ಸೆನ್ಸರ್ ವೈರಿಗೆ ಸುತ್ತಿಕೊಳ್ಳಬಹುದು. ಒಂದು ಮಾತ್ರ ಹಾಳಾಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಆದರೆ ಎಡ, ಬಲ ಚಕ್ರಗಳ ಹಿಡಿತದಲ್ಲಿ ವ್ಯತ್ಯಾಸವಾಗಿ, ಪೆಡಲ್ ಒತ್ತಿದಾಗಲೆಲ್ಲ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.